ಅದ್ರಲ್ಲಿ ನಮ್ಮೋರು ಯಾರಾರ ಅವ್ರಾ?

2024ರ ಏಪ್ರಿಲ್. ಹಾಸನ ಲೋಕಸಭಾ ಕ್ಷೇತ್ರಕ್ಕೆ 26ನೇ ತಾರೀಕು ಓಟು. ಅದಕ್ಕೆ ಮೂರ್ನಾಲ್ಕು ದಿನ ಮುಂಚೆ ಒಂದು ಸಂಜೆ ಕುಂದೂರಿನ ಟೀ ಅಂಗಡಿ ಮುಂದೆ ಏಳೆಂಟು ಜನ ಒಂದೇ ಒಂದು ಮೊಬೈಲಿಗೆ ತಲೆ ಕೊಟ್ಟು ನಿಂತಿದ್ದರು. ಎಲ್ಲರ ಜೇಬಿನಲ್ಲೂ ಮೊಬೈಲಿರುವ ಕಾಲ ಇದು. ಹೀಗೆ ಒಂದಕ್ಕೇ ಮುತ್ತಿಕೊಳ್ಳುವುದನ್ನು ಕ್ರಿಕೆಟ್ ಮ್ಯಾಚಿನ ಹೊತ್ತು ಬಿಟ್ಟರೆ ನಾನು ನೋಡಿರಲಿಲ್ಲ. ಹತ್ತಿರ ಹೋದಾಗ ಮೊಬೈಲು ಕೆಳಗಿಳಿಯಿತು. ಬಂದವನು ನಾನು ಅಂತ ಗೊತ್ತಾದ ಮೇಲೆ ಮತ್ತೆ ಮೇಲಕ್ಕೆ ಬಂತು. ‘ಬನ್ನಿ ಕವಿಗಳೇ, ನೀವೂ ಒಸಿ ನೋಡಿ, ಪದ್ಯ ಕಟ್ಟೀರಂತೆ’ ಅಂದ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ನೋಡಿದೆ. ಒಂದು ನಿಮಿಷವೂ ಇರಲಿಕ್ಕಿಲ್ಲ. ಆದರೆ ನೋಡಿದೆ. ಇದನ್ನು ಮೊದಲೇ ಹೇಳದೆ ಮುಂದಿನದನ್ನು ಬರೆಯುವ ಹಕ್ಕು ನನಗಿಲ್ಲ.

ಹಾಸನದಲ್ಲಿ ಪೆನ್‌ಡ್ರೈವುಗಳನ್ನು ಬಸ್ ಸ್ಟ್ಯಾಂಡು, ಪಾರ್ಕುಗಳಲ್ಲಿ ಎಸೆದಿದ್ದರು ಅಂತ ಸುದ್ದಿ. ನಮ್ಮೂರಿಗೆ ಪೆನ್‌ಡ್ರೈವು ಬರಲಿಲ್ಲ, ವಾಟ್ಸಾಪಿನಲ್ಲೇ ಬಂತು. ಟೀ ಅಂಗಡಿಯಲ್ಲಿ ಮಾತೆಲ್ಲ ಆ ಗಂಡಸಿನದು. ಆತ ಯಾರ ಮೊಮ್ಮಗ, ಯಾರ ಮಗ, ಈ ಸಲ ಎಷ್ಟು ಓಟು ಹೋಗುತ್ತದೆ, ಇದನ್ನು ಹಂಚಿದವರು ಯಾವ ಪಾರ್ಟಿಯವರು, ಅದೇ ಚರ್ಚೆ. ಪರದೆ ಮೇಲಿದ್ದ ಹೆಂಗಸರ ಬಗ್ಗೆ ಒಂದು ಮಾತಿಲ್ಲ. ಅವರ ಮುಖ ಮಾತ್ರ ನಿಚ್ಚಳವಾಗಿ ಕಾಣುತ್ತಿತ್ತು.

ಮನೆಗೆ ಬಂದೆ. ಅವ್ವ ತೋಟದ ಕೆಲಸ ಮುಗಿಸಿ ಬಂದು ಕಾಲು ತೊಳೀತಿದ್ದಳು. ಅವಳಿಗೆ ತೋಟದಲ್ಲೇ ವಿಷಯ ಗೊತ್ತಾಗಿತ್ತು. ತಲೆ ಎತ್ತದೆ ಕೇಳಿದಳು:

‘ಅದ್ರಲ್ಲಿ ನಮ್ಮೋರು ಯಾರಾರ ಅವ್ರಾ ಮಗಾ?’

ನನಗೆ ಉತ್ತರ ಹೊಳೆಯಲಿಲ್ಲ. ನಮ್ಮೋರು ಅಂದರೆ ಯಾರು? ನಮ್ಮ ಕೇರಿಯವರಾ, ನಮ್ಮ ಜಾತಿಯವರಾ, ನೆಂಟರಾ? ಅಥವಾ ದೊಡ್ಡವರ ಮನೆಯಲ್ಲಿ ಕಸ ಹೊಡೆದು ಪಾತ್ರೆ ತಿಕ್ಕುವ ಎಲ್ಲ ಹೆಂಗಸರಾ? ‘ಗೊತ್ತಿಲ್ಲ ಕಣವ್ವ, ನಾನು ನೋಡಿಲ್ಲ’ ಅಂದುಬಿಟ್ಟೆ. ಅವಳು ನಂಬಿದಳೋ ಇಲ್ಲವೋ.

ಅವ್ವನ ಆ ಪ್ರಶ್ನೆ ಆಮೇಲೆ ನನ್ನನ್ನು ಬಿಡಲಿಲ್ಲ. ಎರಡು ವರ್ಷದಿಂದ ಅದರ ಬೆನ್ನು ಹತ್ತಿ ಕಾನೂನಿನ ಪುಸ್ತಕ ಓದಿದ್ದೇನೆ, ಹಿರಿಯರನ್ನು ಕೇಳಿದ್ದೇನೆ. ಅಶ್ಲೀಲ ಚಿತ್ರಗಳ ಬಗ್ಗೆ ಈ ದೇಶದಲ್ಲಿ ಬೇಕಾದಷ್ಟು ಕೇಸು ನಡೆದಿವೆ, ಬೇಕಾದಷ್ಟು ತೀರ್ಪು ಬಂದಿವೆ. ಆದರೆ ನಮ್ಮವ್ವ ಕಾಲು ತೊಳೆಯುತ್ತಾ ಕೇಳಿದ ಪ್ರಶ್ನೆಯನ್ನು ಕೇಳಿಕೊಳ್ಳಲು ನಮ್ಮ ಕಾನೂನಿಗೆ ಬಹಳ ಕಾಲ ಹಿಡಿಯಿತು.

ಮೊದಲು ನಮ್ಮ ಚಿಕ್ಕಪ್ಪನ ಕತೆ ಹೇಳಬೇಕು.

ಇಂಥ ಚಿತ್ರಕ್ಕೆ ‘ನೀಲಿ ಚಿತ್ರ’ ಅಂತ ಹೆಸರು ಹೇಗೆ ಬಂತೋ. ಇಂಗ್ಲಿಷಿನವರು ಕೊಟ್ಟಿದ್ದು, ನಾವು ಹಾಗೇ ಎತ್ತಿಕೊಂಡೆವು. ನಮ್ಮ ಮನೆಯಲ್ಲಿ ನೀಲಿ ಅಂದರೆ ಗೋಡೆ ಮೇಲಿನ ಬಾಬಾಸಾಹೇಬರ ಕೋಟು, ಸಂಘದ ಬಾವುಟ. ಪಿಯುಸಿಯಲ್ಲಿದ್ದಾಗ ಗೆಳೆಯನೊಬ್ಬ ಆ ಪದವನ್ನು ಕಣ್ಣು ಮಿಟುಕಿಸಿ ಹೇಳಿದ್ದಕ್ಕೆ ನಾನು ಅವನ ಜೊತೆ ಜಗಳಕ್ಕೇ ಹೋಗಿದ್ದೆ. ಚಿಕ್ಕಪ್ಪನಿಗೆ ಅದನ್ನು ಹೇಳಿದಾಗ ಆತ ನಕ್ಕು, ಆಮೇಲೆ ಸುಮ್ಮನಾಗಿ, ಬಹಳ ಹೊತ್ತಿನ ಮೇಲೆ ಈ ಕತೆ ಹೇಳಿದ.

1987ರ ಆಸುಪಾಸು. ಚಿಕ್ಕಪ್ಪನಿಗೆ ಹದಿನೆಂಟೋ ಹತ್ತೊಂಬತ್ತೋ. ಸಕಲೇಶಪುರದ ಕಡೆಯ ಒಂದು ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುವ ಸುಗ್ಗಿ. ಲೈನು ಮನೆಗಳ ತುಂಬಾ ಜನ. ವಾರದ ಬಟವಾಡೆ ಆದ ರಾತ್ರಿ ಪೇಟೆಯಿಂದ ಜೀಪಿನಲ್ಲಿ ಟೀವಿ, ಡೆಕ್ಕು, ಜನರೇಟರು ಬಾಡಿಗೆಗೆ ಬರುತ್ತಿತ್ತಂತೆ. ತಲೆಗೆ ಎರಡು ರೂಪಾಯಿ. ಅಂಗಳದಲ್ಲಿ ಗೋಣಿತಾಟು ಹಾಸಿಕೊಂಡು ಹೆಂಗಸರು ಮಕ್ಕಳು ಎಲ್ಲ ಕೂತು ಮೊದಲು ಒಂದು ದೇವರ ಪಿಕ್ಚರು, ಆಮೇಲೆ ಒಂದು ರಾಜಕುಮಾರ್ ಪಿಕ್ಚರು. ಮಧ್ಯರಾತ್ರಿ ಆದ ಮೇಲೆ ಹೆಂಗಸರನ್ನೂ ಮಕ್ಕಳನ್ನೂ ಮಲಗಲು ಕಳಿಸಿ, ಟೀವಿಯನ್ನು ಗೋಡೌನಿನೊಳಕ್ಕೆ ಎತ್ತಿಕೊಂಡು ಹೋಗಿ ಬಾಗಿಲು ಹಾಕುತ್ತಿದ್ದರು. ಆಗ ಮೂರನೇ ಕ್ಯಾಸೆಟ್ಟು.

‘ಅಲ್ಲೂ ಕುರ್ಚಿ ಅವ್ರಿಗೇ ಕಣ್ಲಾ’ ಅಂದ ಚಿಕ್ಕಪ್ಪ. ಎಸ್ಟೇಟಿನ ಧಣಿಗಳ ಮಕ್ಕಳು, ಅವರ ಸ್ನೇಹಿತರು ಮುಂದೆ ಕುರ್ಚಿಯಲ್ಲಿ. ರೈಟ್ರು ಮೇಸ್ತ್ರಿಗಳು ಬೆಂಚಿನಲ್ಲಿ. ನಮ್ಮ ಜನ ಹಿಂದೆ, ನೆಲದ ಮೇಲೆ, ಕಾಫಿ ಮೂಟೆಗಳ ಸಂದಿಯಲ್ಲಿ. ಹೊರಗೆ ಒಟ್ಟಿಗೆ ಟೀ ಕುಡಿಯದವರು ಒಳಗೆ ಒಟ್ಟಿಗೆ ಬೆತ್ತಲೆ ನೋಡುತ್ತಿದ್ದರು. ಆದರೆ ಕೂರುವ ಜಾಗ ಮಾತ್ರ ಕದಲಲಿಲ್ಲ. ಕ್ಯಾಸೆಟ್ಟು ನಕಲಿನ ನಕಲು, ಅದರ ಮೇಲೆಲ್ಲ ಗೆರೆ. ಪರದೇಶದ ಹೆಂಗಸು. ಚಿಕ್ಕಪ್ಪನಿಗೆ ಆ ಚಿತ್ರದಲ್ಲಿ ನೆನಪಿರುವುದು ಒಂದೇ. ‘ಅವ್ಳು ಒಂದ್ಸಲ ಕ್ಯಾಮ್ರಾ ಕಡೀಕ್ ತಿರುಗುದ್ಲು. ಯಾರೋ ಪಕ್ಕದಲ್ಲಿ ನಿಂತ್ಕೊಂಡು ಬಯ್ತಾ ಅವ್ನೇನೋ ಅನ್ನಂಗೆ ನೋಡುದ್ಲು. ಮೇಸ್ತ್ರಿ ಬಯ್ವಾಗ ನಮ್ ಹೆಣ್ಮಕ್ಳು ನೋಡ್ತಾರಲ್ಲ, ಹಂಗೆ.’

ಒಂದು ರಾತ್ರಿ ಪೊಲೀಸರು ಬಂದರು. ಟೀವಿ, ಡೆಕ್ಕು, ಡೆಕ್ಕಿನ ಹುಡುಗ, ಜೊತೆಗೆ ನೆಲದ ಮೇಲೆ ಕೂತಿದ್ದವರಲ್ಲಿ ನಾಲ್ಕು ಜನ ಜೀಪು ಹತ್ತಿದರು. ಕುರ್ಚಿಗಳು ಅಷ್ಟರಲ್ಲಿ ಖಾಲಿಯಾಗಿದ್ದವು. ಆ ನಾಲ್ವರಲ್ಲಿ ಚಿಕ್ಕಪ್ಪನೂ ಒಬ್ಬ. ರಾತ್ರಿಯೆಲ್ಲ ಸ್ಟೇಷನ್ನಿನ ಕಂಬಕ್ಕೆ ಒರಗಿ ಕೂತು, ಬೆಳಿಗ್ಗೆ ಇದ್ದಬದ್ದ ಬಟವಾಡೆ ದುಡ್ಡು ಕೊಟ್ಟು ಬಂದನಂತೆ. ಅಜ್ಜಿ ಎರಡು ತಿಂಗಳು ಮಾತಾಡಿಸಲಿಲ್ಲ.

ನಾನು ಡಿಗ್ರಿ ಮುಗಿಸಿದ ಮೇಲೆ ಒಂದು ದಿನ ದಂಡಸಂಹಿತೆಯ 292ನೇ ಕಲಂ ಅನ್ನು ಅವನ ಮುಂದೆ ಓದಿದೆ. ಅಶ್ಲೀಲ ವಸ್ತುವನ್ನು ಮಾರುವುದು, ಬಾಡಿಗೆಗೆ ಕೊಡುವುದು, ಹಂಚುವುದು, ಪ್ರದರ್ಶಿಸುವುದು, ಅದಕ್ಕಾಗಿ ಇಟ್ಟುಕೊಳ್ಳುವುದು ಅಪರಾಧ. ಮೊದಲ ಸಲ ಎರಡು ವರ್ಷದವರೆಗೆ ಸಜೆ, ಎರಡು ಸಾವಿರದವರೆಗೆ ದಂಡ. ಅದರಲ್ಲಿ ಎಲ್ಲೂ ಸುಮ್ಮನೆ ನೋಡಿದವನ ಮಾತಿಲ್ಲ.

‘ಹಂಗಾರೆ ನಂದೇನೂ ತಪ್ಪಿರ್ಲಿಲ್ವಾ?’ ಅಂದ ಚಿಕ್ಕಪ್ಪ.

‘ಈ ಕಲಂ ಪ್ರಕಾರ ಇರ್ಲಿಲ್ಲ ಚಿಗಪ್ಪ.’

ಅವನು ಬೀಡಿ ಹಚ್ಚಿದ. ‘ಕಲಂ ಬುಡು’ ಅಂದ.

ಗೆಳೆಯರೇ, ಈ ಕಾನೂನಿನ ಬೇರು ಎಲ್ಲಿದೆ ನೋಡಿ. 1868ರಲ್ಲಿ ಇಂಗ್ಲೆಂಡಿನಲ್ಲಿ ಹಿಕ್ಲಿನ್ ಎಂಬ ಪ್ರಕರಣ. ಒಂದು ಬರಹ ಅಶ್ಲೀಲವೇ ಎಂದು ತಿಳಿಯಲು ಅಲ್ಲಿನ ನ್ಯಾಯಾಧೀಶರು ಒಂದು ಅಳತೆಗೋಲು ಕೊಟ್ಟರು: ಕೆಟ್ಟ ಪ್ರಭಾವಕ್ಕೆ ಸುಲಭವಾಗಿ ಬಲಿಯಾಗುವ ಮನಸ್ಸಿನವರ ಕೈಗೆ ಇದು ಸಿಕ್ಕರೆ ಅವರು ಹಾಳಾಗುತ್ತಾರೆಯೇ? ಅಂದರೆ ಪ್ರಶ್ನೆಯೆಲ್ಲ ನೋಡುವವನ, ಓದುವವನ ಮನಸ್ಸಿನದು. ಅದೂ ಎಂಥವನ ಮನಸ್ಸು? ಸುಲಭವಾಗಿ ಕೆಡುವವನದು. ಧಣಿಯ ಲೈಬ್ರರಿಯಲ್ಲಿ ಇರುವ ಪುಸ್ತಕಕ್ಕೆ ಭಯವಿಲ್ಲ. ನಾಲ್ಕು ಕಾಸಿಗೆ ಆಳುಮಗನ ಕೈಗೆ ಸಿಕ್ಕರೆ ಭಯ. ನಮ್ಮ ಸುಪ್ರೀಂ ಕೋರ್ಟು 1964ರಲ್ಲಿ ರಂಜಿತ್ ಉದೇಶಿ ಪ್ರಕರಣದಲ್ಲಿ ಇದೇ ಅಳತೆಗೋಲನ್ನು ಒಪ್ಪಿಕೊಂಡಿತು. ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿ ಮಾರಿದ ಮುಂಬೈನ ಪುಸ್ತಕದಂಗಡಿಯವರಿಗೆ ಶಿಕ್ಷೆ ಖಾಯಂ ಆಯಿತು. ಆ ಕಾದಂಬರಿಯಲ್ಲಿ ಏನಿದೆ? ದೊಡ್ಡಮನೆಯ ಹೆಣ್ಣೊಬ್ಬಳು ತನ್ನ ಇಷ್ಟದಿಂದ ಕಾಡು ಕಾಯುವ ಆಳಿನ ಜೊತೆ ಕೂಡುತ್ತಾಳೆ. ದೊಡ್ಡಮನೆಯ ಗಂಡು ಆಳಿನ ಮೇಲೆ ಬೀಳುವುದನ್ನು ಅಶ್ಲೀಲ ಅಂತ ಯಾರೂ ಕೋರ್ಟಿಗೆ ಹೋದದ್ದನ್ನು ನಾನಂತೂ ಆ ಕಾಲದ ತೀರ್ಪುಗಳಲ್ಲಿ ಕಾಣೆ. ಹಿಕ್ಲಿನ್ ಗೋಲನ್ನು ನಮ್ಮ ಸುಪ್ರೀಂ ಕೋರ್ಟು ಕೈಬಿಟ್ಟಿದ್ದು 2014ರಲ್ಲಿ, ಅವೀಕ್ ಸರ್ಕಾರ್ ಪ್ರಕರಣದಲ್ಲಿ. ಅಲ್ಲಿಗೆ ಅದಕ್ಕೆ ಸುಮಾರು ನೂರೈವತ್ತು ವರ್ಷ ವಯಸ್ಸಾಗಿತ್ತು.

ಸಿನಿಮಾಕ್ಕೆ ಬೇರೆ ಕಾನೂನು, 1952ರ ಸಿನಿಮಾಟೋಗ್ರಾಫ್ ಕಾಯ್ದೆ. ಸೆನ್ಸಾರ್ ಸರ್ಟಿಫಿಕೇಟಿಲ್ಲದೆ ತೋರಿಸುವ ಹಾಗಿಲ್ಲ, ಸರ್ಟಿಫಿಕೇಟ್ ಆದ ಮೇಲೆ ರೀಲಿಗೆ ಬೇರೆ ತುಂಡು ಸೇರಿಸುವ ಹಾಗಿಲ್ಲ. ಸೆನ್ಸಾರ್ ಬೇಕೇ ಬೇಡವೇ ಎಂದು ಕೆ.ಎ. ಅಬ್ಬಾಸ್ ಕೋರ್ಟಿಗೆ ಹೋದಾಗ 1970ರಲ್ಲಿ ಸುಪ್ರೀಂ ಕೋರ್ಟು ಬೇಕು ಎಂದಿತು. ಅಬ್ಬಾಸರ ಆ ಕಿರುಚಿತ್ರದಲ್ಲಿ ಇದ್ದದ್ದು ನಗರದ ಶ್ರೀಮಂತಿಕೆ ಮತ್ತು ಬಡತನ, ಅದರ ನಡುವೆ ಮುಂಬೈನ ಸೂಳೆಗೇರಿ. ಸೆನ್ಸಾರಿನ ಕತ್ತರಿ ಓಡಿದ್ದು ಆ ಕೇರಿಯ ದೃಶ್ಯಗಳಿಗೆ. ಕೇರಿ ಇರಬಹುದು, ಪರದೆ ಮೇಲೆ ಕಾಣಬಾರದು. ಇತ್ತ ಪೇಟೆಯ ಟಾಕೀಸುಗಳಲ್ಲಿ ಸರ್ಟಿಫಿಕೇಟ್ ಆದ ಮಲಯಾಳಿ ಚಿತ್ರದ ನಡುವೆ ಯಾವುದೋ ಊರಿನ ಯಾವುದೋ ಹೆಣ್ಣಿನ ‘ಬಿಟ್ಟು’ ಸೇರಿಸಿ ಮಾರ್ನಿಂಗ್ ಶೋ ನಡೆಸುತ್ತಿದ್ದರು. ರೇಡಾದರೆ ಆಪರೇಟರು ಬಿಟ್ಟು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ ಕತೆಗಳನ್ನು ನಮ್ಮ ಹಿರಿಯರು ಈಗಲೂ ನಗುತ್ತಾ ಹೇಳುತ್ತಾರೆ. ಆ ತುಂಡಿನಲ್ಲಿದ್ದವಳಿಗೆ ಹೆಸರಿಲ್ಲ. ಪೋಸ್ಟರಿನ ಮೇಲೆ ಹೆಸರಿದ್ದವರದೂ ಬೇರೆ ಕತೆಯಲ್ಲ. ಸಿಲ್ಕ್ ಸ್ಮಿತಾ ಬಡತನಕ್ಕೆ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ಆಂಧ್ರದ ಹುಡುಗಿ. 1996ರ ಸೆಪ್ಟೆಂಬರಿನಲ್ಲಿ ಮದ್ರಾಸಿನ ತನ್ನ ಮನೆಯಲ್ಲಿ ಸತ್ತು ಬಿದ್ದಿದ್ದಳು. ಆಮೇಲೆ ಬಂದ ಶಕೀಲಾ, ತಾನು ಮಾಡದ ದೃಶ್ಯಗಳನ್ನು ಬೇರೆಯವಳ ಮೈಯಿಟ್ಟು ತನ್ನ ಹೆಸರಲ್ಲಿ ಸೇರಿಸುತ್ತಿದ್ದರು ಎಂದು ಹೇಳಿಕೊಂಡಿದ್ದಾರೆ.

ಕೇರಳದ ಮಾತು ಬಂದಾಗ ಇನ್ನೊಬ್ಬಳ ನೆನಪಾಗುತ್ತದೆ. ಪಿ.ಕೆ. ರೋಸಿ. ಮಲಯಾಳದ ಮೊಟ್ಟಮೊದಲ ಚಿತ್ರ ‘ವಿಗತಕುಮಾರನ್’ನ ನಾಯಕಿ, ದಲಿತ ಹೆಣ್ಣುಮಗಳು. ಸುಮಾರು ತೊಂಬತ್ತೈದು ವರ್ಷದ ಹಿಂದೆ ತಿರುವನಂತಪುರದಲ್ಲಿ ಆ ಚಿತ್ರ ತೋರಿಸಿದಾಗ ಮೇಲ್ಜಾತಿಯವರು ರೊಚ್ಚಿಗೆದ್ದರು. ಅವಳ ಮನೆ ಸುಟ್ಟರು. ಅವಳು ಊರು ಬಿಟ್ಟು ಓಡಿದಳು. ಅವಳ ತಪ್ಪೇನು? ಬಟ್ಟೆ ಬಿಚ್ಚಿದ್ದಲ್ಲ, ನಾಯರ್ ಹೆಣ್ಣಿನ ಬಟ್ಟೆ ಉಟ್ಟಿದ್ದು. ನಮ್ಮ ಹೆಣ್ಣು ಉಟ್ಟರೆ ಬೆಂಕಿ. ಬಿಚ್ಚಿದರೆ ಟಿಕೆಟ್ಟು.

ಇದು ಬರೀ ಟಾಕೀಸಿನ ಮಾತಲ್ಲ ಎನ್ನುವುದಕ್ಕೆ ನಮ್ಮ ಸಂಘದ ಹಿರಿಯರು ಚಂದ್ರಗುತ್ತಿಯ ಹೆಸರು ಎತ್ತುತ್ತಾರೆ. ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿ ರೇಣುಕಾಂಬೆಯ ಜಾತ್ರೆಯಲ್ಲಿ ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡ್ಡ ಹತ್ತುವ ಸೇವೆ. ಸೇವೆ ಮಾಡುವವರಲ್ಲಿ ನಮ್ಮ ಜಾತಿಯ ಹೆಣ್ಣುಮಕ್ಕಳೇ ಹೆಚ್ಚು. ಅದನ್ನು ನೋಡಲೆಂದೇ ಬರುವ ಗಂಡಸರು ಬೇರೆ. 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯವರು ಅದನ್ನು ತಡೆಯಲು ಹೋದಾಗ ಏಟು ತಿಂದರು. ಪೊಲೀಸರನ್ನೂ ಬಿಡಲಿಲ್ಲ; ಮಹಿಳಾ ಪೊಲೀಸರ ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಅಲ್ಲಿ ದೇವರ ಹೆಸರು, ಗೋಡೌನಿನಲ್ಲಿ ಮೋಜಿನ ಹೆಸರು. ಬಯಲಲ್ಲಿ ಆದದ್ದನ್ನು ಅಶ್ಲೀಲ ಅನ್ನಲು ದಲಿತ ಸಂಘಟನೆಯೇ ಬರಬೇಕಾಯಿತು.

ಚಿಕ್ಕಪ್ಪ ನೋಡಿದ ಆ ಪರದೇಶದ ಹೆಂಗಸು ಯಾರೋ ತಿಳಿಯುವ ದಾರಿಯಿಲ್ಲ. ಆದರೆ ಅವಳಂಥ ಒಬ್ಬಳ ಕತೆ ಲೋಕಕ್ಕೆ ಗೊತ್ತಿದೆ. ಶತಮಾನದ ಶುರುವಿನಿಂದಲೂ ಯುರೋಪು ಅಮೆರಿಕಗಳಲ್ಲಿ ಗಂಡಸರ ಕ್ಲಬ್ಬುಗಳಲ್ಲಿ ಕದ್ದು ತೋರಿಸುವ ಮೂಕಿ ತುಣುಕುಗಳಿದ್ದವು. 1969ರಲ್ಲಿ ಡೆನ್ಮಾರ್ಕು ಇಂಥ ಚಿತ್ರಗಳ ಮೇಲಿನ ನಿಷೇಧ ತೆಗೆಯಿತು. 1972ರಲ್ಲಿ ಅಮೆರಿಕದಲ್ಲಿ ‘ಡೀಪ್ ಥ್ರೋಟ್’ ಬಂತು, ಮಾಫಿಯಾದ ದುಡ್ಡಿನಲ್ಲಿ. ಊರೂರಲ್ಲಿ ಕೇಸು, ಊರೂರಲ್ಲಿ ಹೌಸ್‌ಫುಲ್ಲು. ಇದು ಅಶ್ಲೀಲವೋ ಅಥವಾ ಅಭಿವ್ಯಕ್ತಿ ಸ್ವಾತಂತ್ರ್ಯವೋ ಎಂದು ದೊಡ್ಡ ದೊಡ್ಡ ವಕೀಲರು ವಾದಿಸಿದರು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಿಲ್ಲರ್ ಪ್ರಕರಣದಲ್ಲಿ ಅಶ್ಲೀಲಕ್ಕೆ ಹೊಸ ಅಳತೆಗೋಲನ್ನೂ ಕೊಟ್ಟಿತು. ಆ ಚಿತ್ರದ ನಾಯಕಿ ಲಿಂಡಾ ಬೋರ್ಮನ್ 1980ರಲ್ಲಿ ತನ್ನ ಆತ್ಮಕತೆ ಬರೆದಳು: ಗಂಡ ಹೊಡೆದು, ಪಿಸ್ತೂಲು ತೋರಿಸಿ ತನ್ನನ್ನು ಕ್ಯಾಮೆರಾ ಮುಂದೆ ನಿಲ್ಲಿಸಿದ, ಕೊಟ್ಟ 1,250 ಡಾಲರನ್ನೂ ಅವನೇ ಇಟ್ಟುಕೊಂಡ. 1986ರಲ್ಲಿ ಸರ್ಕಾರಿ ಆಯೋಗದ ಮುಂದೆಯೂ ಹೋಗಿ ಅದನ್ನೇ ಹೇಳಿದಳು. ಅವಳ ಮಾತನ್ನು ನಂಬದವರೂ ಇದ್ದಾರೆ. ಎಂಟು ವರ್ಷ ಆ ಚಿತ್ರದ ಮೇಲೆ ಕೇಸು ನಡೆಸಿದವರು ಅವಳಿಗೆ ಅದು ಇಷ್ಟವಿತ್ತೇ ಎಂದು ಕೇಳಿದ್ದನ್ನು ನಾನು ಓದಿಲ್ಲ.

ನಮ್ಮಲ್ಲೂ ಹಾಗೆಯೇ. ‘ಬ್ಯಾಂಡಿಟ್ ಕ್ವೀನ್’ ಚಿತ್ರ ಬಂದಾಗ, ಊರ ಬಾವಿಯವರೆಗೆ ತನ್ನನ್ನು ಬೆತ್ತಲೆ ನಡೆಸಿದ್ದನ್ನು ತನ್ನ ಒಪ್ಪಿಗೆಯಿಲ್ಲದೆ ಪರದೆ ಮೇಲೆ ತೋರಿಸುತ್ತಿದ್ದಾರೆ ಎಂದು ಸ್ವತಃ ಫೂಲನ್ ದೇವಿ 1994ರಲ್ಲಿ ದೆಹಲಿ ಹೈಕೋರ್ಟಿಗೆ ಹೋದಳು. ಅದು ರಾಜಿಯಲ್ಲಿ ಮುಗಿಯಿತು. ಸುಪ್ರೀಂ ಕೋರ್ಟಿನವರೆಗೆ ಹೋದದ್ದು ತನ್ನ ಸಮುದಾಯಕ್ಕೆ ಅವಮಾನವಾಯಿತೆಂದ ಒಬ್ಬ ಗಂಡಸಿನ ಕೇಸು. 1996ರಲ್ಲಿ ಕೋರ್ಟು, ಆ ಬೆತ್ತಲೆ ಕಾಮ ಕೆರಳಿಸುವಂಥದಲ್ಲ, ಮರುಕ ಹುಟ್ಟಿಸುವಂಥದು ಎಂದು ಚಿತ್ರದ ಪರ ನಿಂತಿತು. ತೀರ್ಪು ಸರಿಯೇ. ಆದರೂ ಅಲ್ಲಿ ವಿಚಾರಣೆಯಾದದ್ದು ಮತ್ತೆ ನೋಡುವವರ ಮನಸ್ಸು.

ಈಗ ಹೇಳುವುದು ಕವಿಯಾಗಿ ನನಗೆ ಹೆಚ್ಚು ಚುಚ್ಚುವ ವಿಚಾರ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂತು. ಅದರ ಗಂಡ ಹೆಂಡತಿ, ಅವರ ಮನೆ, ನಮ್ಮ ಕೇರಿಯ ಲೋಕವಲ್ಲ ಅಂತ ನಾನು ಕಾಲೇಜಿನಲ್ಲಿ ವಾದ ಮಾಡಿದವನು. ಆದರೂ ಪ್ರೀತಿಯಲ್ಲಿ ಹೆಣ್ಣಿಗೂ ಒಂದು ಮನಸ್ಸಿದೆ ಎಂದು ಕನ್ನಡಕ್ಕೆ ಹೇಳಿದ ಪುಸ್ತಕ ಅದು. 2001ರಲ್ಲಿ ಆ ಹೆಸರಿಗೆ ಏನಾಯಿತು ಎಂದು ನನ್ನ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಓದುತ್ತಿದ್ದ ಒಂದು ಜೋಡಿ ತಮ್ಮ ಪಾಡಿಗೆ ತಾವು ತೆಗೆದುಕೊಂಡಿದ್ದ ವೀಡಿಯೋ ಯಾರದೋ ಕೈಗೆ ಸಿಕ್ಕಿ, ಸಿಡಿಯಾಗಿ, ಆ ಹೆಸರು ಹೊತ್ತು ದೇಶವೆಲ್ಲ ಹರಿಯಿತು. ಬರೀ ಕದ್ದ ಮಾಲು. ಸ್ಟುಡಿಯೋ ಇಲ್ಲ, ನಿರ್ಮಾಪಕನಿಲ್ಲ, ಸಂಭಾವನೆಯಿಲ್ಲ. ಸಿಡಿ ಅಂಗಡಿಗಳು ಅದರಲ್ಲಿ ದುಡ್ಡು ಮಾಡಿದವು. ಆ ಹುಡುಗಿ ಸತ್ತಳಂತೆ, ಮದುವೆಯಾದಳಂತೆ, ದೇಶ ಬಿಟ್ಟಳಂತೆ ಅಂತ ಒಂದೊಂದು ಊರಿನಲ್ಲಿ ಒಂದೊಂದು ಕತೆ. ಪೊಲೀಸರು ಹಿಡಿದರೆ ಸಿಡಿ ಮಾರುವವನನ್ನು ಹಿಡಿಯಬೇಕು, ಅದೂ ನೋಡುವವರ ಮನಸ್ಸು ಕೆಡಿಸಿದ ಅಂತ. ‘ಇದು ನನ್ನ ಮೈ, ನನ್ನನ್ನು ಕೇಳದೆ ಹಂಚಿದರು’ ಎಂದು ಅವಳು ದೂರು ಕೊಡಲು ಆಗ ಒಂದು ಕಲಂ ಇರಲಿಲ್ಲ. 292ರ ಕಣ್ಣಿನಲ್ಲಿ ಅವಳೇ ಅಶ್ಲೀಲ ವಸ್ತು.

2012ರ ಫೆಬ್ರವರಿ 7ರಂದು ವಿಧಾನಸಭೆಯ ಒಳಗೆ ಮಂತ್ರಿಗಳು ಮೊಬೈಲಿನಲ್ಲಿ ಏನು ನೋಡುತ್ತಿದ್ದರು ಎಂಬುದು ನಿಮಗೆಲ್ಲ ಗೊತ್ತು. ಲಕ್ಷ್ಮಣ ಸವದಿ, ಸಿ.ಸಿ. ಪಾಟೀಲ, ಕೃಷ್ಣ ಪಾಲೆಮಾರ್, ಮೂವರೂ ಮರುದಿನ ರಾಜೀನಾಮೆ ಕೊಟ್ಟರು. ರೇವ್ ಪಾರ್ಟಿಯ ವಿಚಾರ ತಿಳಿದುಕೊಳ್ಳಲು ನೋಡಿದೆವು ಎಂದು ಸಮಜಾಯಿಷಿ. 2019ರಲ್ಲಿ ಸವದಿ ಉಪಮುಖ್ಯಮಂತ್ರಿಯೂ ಆದರು. ಅದನ್ನು ಕೇಳಿದಾಗ ನಮ್ಮ ಚಿಕ್ಕಪ್ಪ ಬರೀ ಇಷ್ಟೇ ಅಂದ: ‘ಕುರ್ಚಿ ಕಣ್ಲಾ.’

ಕಾನೂನು ಸ್ವಲ್ಪ ಸ್ವಲ್ಪವೇ ಹೊರಳಿತು. 2004ರಲ್ಲಿ ದೆಹಲಿಯ ಶಾಲಾ ಮಕ್ಕಳ ಮೊಬೈಲ್ ವೀಡಿಯೋ ಒಂದನ್ನು ಅಂತರ್ಜಾಲದ ಸಂತೆಯಲ್ಲಿ ಮಾರಾಟಕ್ಕಿಟ್ಟು ದೊಡ್ಡ ಗಲಾಟೆಯಾಯಿತು. 2008ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ತಿದ್ದುಪಡಿಯಾಗಿ 66ಇ ಎಂಬ ಕಲಂ ಬಂತು: ಒಬ್ಬರ ಗುಪ್ತ ಅಂಗದ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವುದು, ಕಳಿಸುವುದು ಅಪರಾಧ. ದೆಹಲಿಯ ಬಸ್ಸಿನ ಘಟನೆಯ ನಂತರ ವರ್ಮಾ ಸಮಿತಿ ಕೂತು, 2013ರಲ್ಲಿ ದಂಡಸಂಹಿತೆಗೆ 354ಸಿ ಸೇರಿತು. ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚುವುದು ಅಪರಾಧ ಎಂದು ಅದರಲ್ಲಿ ಬರೆದಿದೆ. 2024ರ ಜುಲೈನಿಂದ ಬಂದ ನ್ಯಾಯ ಸಂಹಿತೆಯಲ್ಲಿ ಅದೇ 77ನೇ ಕಲಂ. ನಾನು ಈ ಎರಡು ಸಾಲನ್ನು ಮೂರು ಸಲ ಓದಿದೆ. ಮೊದಲ ಸಲ ಕಾನೂನು ನೋಡುವವನ ಮನಸ್ಸನ್ನು ಬಿಟ್ಟು ಅವಳ ಕಡೆ ತಿರುಗಿ, ‘ನಿನಗೆ ಒಪ್ಪಿಗೆ ಇತ್ತೇನಮ್ಮ?’ ಎಂದು ಕೇಳಿತ್ತು. ಸುಮ್ಮನೆ ಬಂದದ್ದಲ್ಲ, ಹೆಣ್ಣುಮಕ್ಕಳು ಬೀದಿಗಿಳಿದದ್ದರಿಂದ ಬಂದದ್ದು.

ಆ ಏಪ್ರಿಲ್ಲಿಗೆ ವಾಪಸ್ಸು ಬರುತ್ತೇನೆ. ಓಟಾದ ಮರುದಿನ ಪ್ರಜ್ವಲ್ ರೇವಣ್ಣ ಜರ್ಮನಿಗೆ ಹೋದ. ಮಹಿಳಾ ಆಯೋಗದ ಅಧ್ಯಕ್ಷೆ ನಾಗಲಕ್ಷ್ಮಿ ಚೌಧರಿ ಪತ್ರ ಬರೆದ ಮೇಲೆ ಸರ್ಕಾರ ವಿಶೇಷ ತನಿಖಾ ತಂಡ ಮಾಡಿತು. ಆ ವೀಡಿಯೋ ಇಟ್ಟುಕೊಳ್ಳುವುದು, ಹಂಚುವುದು ಅಪರಾಧ ಎಂದು ತನಿಖಾ ತಂಡ ಎಚ್ಚರಿಕೆ ಕೊಟ್ಟಿತು. ನಮ್ಮೂರಿನ ಮೊಬೈಲುಗಳಲ್ಲಿ ಅವು ರಾತ್ರೋರಾತ್ರಿ ಅಳಿಸಿಹೋದವು. ಆದರೆ ಮಾತು ಅಳಿಯಲಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ. ಹೆಸರು ಬೇಡ. ಗಂಡ ಇಲ್ಲ, ಒಬ್ಬ ಮಗ. ನಾಲ್ಕೈದು ವರ್ಷ ಹಾಸನದಲ್ಲಿ ಯಾವುದೋ ಮನೆಯಲ್ಲಿ ಕೆಲಸಕ್ಕಿದ್ದು ವಾಪಸ್ಸು ಬಂದು ತೋಟಕ್ಕೆ ಹೋಗುತ್ತಿದ್ದಳು. ಆ ಮನೆಗೂ ಈ ವೀಡಿಯೋಗಳಿಗೂ ಸಂಬಂಧವೇ ಇಲ್ಲ. ‘ಹಾಸನದಲ್ಲಿ ಕೆಲ್ಸಕ್ಕಿದ್ದಳು’ ಎನ್ನುವ ಒಂದೇ ಮಾತು ಸಾಕಾಯಿತು. ‘ಅದ್ರಲ್ಲಿ ಅವ್ಳೂ ಅವ್ಳಂತೆ’ ಎಂದು ಯಾರೋ ಶುರು ಮಾಡಿದರು. ಯಾರೂ ನೋಡಿಲ್ಲ, ಎಲ್ಲರಿಗೂ ಗೊತ್ತು. ಒಂದು ವಾರ ಅವಳು ತೋಟಕ್ಕೆ ಬರಲಿಲ್ಲ. ಮಗ ಸ್ಕೂಲಿನಿಂದ ಅಂಗಿ ಹರಿದುಕೊಂಡು ಬಂದ.

ಒಂದು ರಾತ್ರಿ ಅವಳು ನಮ್ಮ ಮನೆಗೆ ಬಂದಳು. ಅವ್ವನ ಜೊತೆ ಏನೂ ಮಾತಾಡದೆ ನೇರ ನನ್ನ ಮುಂದೆ ಬಂದು ಮೊಬೈಲು ಇಟ್ಟಳು.

‘ನೀನು ಓದ್ದೋನು ಕಣಪ್ಪ. ಎಲ್ಲಿಂದಾದ್ರೂ ಅವೆಲ್ಲಾನೂ ತರ್ಸು. ಒಂದೂ ಬುಡ್ದಂಗೆ ನೋಡು. ನೋಡಿ, ನಾನಿಲ್ಲ ಅಂತ ಊರಿಗೆಲ್ಲಾ ಹೇಳು.’

ಗೆಳೆಯರೇ, ನಾನು ಏನು ಮಾಡಬೇಕಿತ್ತು? ಅವಳಿಲ್ಲ ಎಂದು ಸಾಬೀತು ಮಾಡಲು ಉಳಿದ ಎಲ್ಲರನ್ನೂ ನೋಡಬೇಕು. ಆ ಉಳಿದವರೂ ಯಾವುದೋ ಊರಿನ ಯಾವುದೋ ಬೀದಿಯ ಅಕ್ಕಂದಿರು. ನೋಡದಿದ್ದರೆ ಇವಳು ಹೀಗೇ ಒಳಗೆ ಕೂರಬೇಕು. ‘ನೋಡೋಕಾಗಲ್ಲಕ್ಕ, ತಪ್ಪು’ ಅಂದೆ. ‘ಇಡೀ ಊರೇ ನೋಡೈತೆ, ನೀನೊಬ್ಬ ನೋಡುದ್ರೆ ತಪ್ಪಾ?’ ಅಂದಳು. ನಾನೂ ನೋಡಿದ್ದೇನೆ ಎಂದು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಯಿತು.

ಮರುದಿನ ಟೀ ಅಂಗಡಿಗೆ ಹೋಗಿ, ಮಾತು ಶುರು ಮಾಡಿದವನನ್ನು ಎಲ್ಲರ ಮುಂದೆ ಕೇಳಿದೆ: ನೀನು ನೋಡಿದ್ಯಾ? ನೋಡಿದ್ರೆ ಸ್ಟೇಷನ್ನಿಗೆ ಬಾ, ಎಲ್ಲಿ ಸಿಕ್ತು ಅಂತ ಬರ್ಕೊಡು. ನೋಡಿಲ್ಲ ಅಂದ್ರೆ ಅವಳ ಮನೆ ಮುಂದೆ ಬಂದು ಹೇಳು. ಅವನು ಎರಡೂ ಮಾಡಲಿಲ್ಲ, ನನ್ನನ್ನು ಜಾತಿ ಹಿಡಿದು ಬೈದ. ಅಷ್ಟಾದ ಮೇಲೆ ಮಾತು ಕಮ್ಮಿಯಾಯಿತು, ಪೂರ್ತಿ ನಿಲ್ಲಲಿಲ್ಲ. ಮೇ 30ರಂದು ‘ಹಾಸನ ಚಲೋ’ಗೆ ರಾಜ್ಯದ ಎಲ್ಲ ಕಡೆಯಿಂದ ಜನ ಬಂದಿದ್ದರು. ನಾನು ಚಿಕ್ಕಪ್ಪನನ್ನೂ ಕರೆದುಕೊಂಡು ಹೋದೆ. ಅಕ್ಕನನ್ನು ಕರೆದೆವು, ಬರಲಿಲ್ಲ. ‘ಅಲ್ಲಿಗೆ ಬಂದ್ರೆ ಇವ್ಳೇ ಅಂತಾರೆ’ ಅಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಗಿನ ಜಾವ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಆತನನ್ನು ಹಿಡಿದರು. ಜೂನ್ 4ರಂದು ಓಟಿನಲ್ಲೂ ಸೋತ.

2025ರ ಆಗಸ್ಟ್ 2. ಬೆಂಗಳೂರಿನ ವಿಶೇಷ ನ್ಯಾಯಾಲಯ ಮನೆಗೆಲಸದ ಹೆಣ್ಣುಮಗಳೊಬ್ಬಳ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಆತನಿಗೆ ಜೀವನಪರ್ಯಂತ ಸಜೆ ವಿಧಿಸಿತು. ದಂಡದ ಹಣದಲ್ಲಿ 11 ಲಕ್ಷಕ್ಕೂ ಹೆಚ್ಚು ಆಕೆಗೆ ಸೇರಬೇಕೆಂದಿತು. ಆತ ಹೈಕೋರ್ಟಿಗೆ ಮೇಲ್ಮನವಿ ಹಾಕಿದ. ಶಿಕ್ಷೆಯಾದ ಕಲಮುಗಳಲ್ಲಿ ಆ 354ಸಿ, ಆ 66ಇ ಕೂಡ ಇದ್ದವು. ಆತ ತೆಗೆದ ವೀಡಿಯೋ ಆತನಿಗೇ ಎದುರುಸಾಕ್ಷಿಯಾಯಿತು. ಜೊತೆಗೆ ತನಿಖೆಯಲ್ಲಿ ಸಿಕ್ಕ ಒಂದು ಹಳೆಯ ಸೀರೆ. ಅದರ ಮೇಲಿನ ಕಲೆಯ ಡಿಎನ್‌ಎ ಪರೀಕ್ಷೆ. ಎಲ್ಲಕ್ಕಿಂತ ಮೊದಲು, ಕೋರ್ಟಿಗೆ ಬಂದು ನಿಂತು ಮಾತಾಡಿದ ಆಕೆ.

ಅವತ್ತು ಮಳೆ ಹಿಡಿದಿತ್ತು. ನಮ್ಮ ಮನೆಯ ಟೀವಿಯಲ್ಲಿ ಸುದ್ದಿ. ಅಕ್ಕ ಗೊಪ್ಪೆ ಹೊದ್ದುಕೊಂಡು ಬಂದು ಬಾಗಿಲ ಹತ್ತಿರವೇ ಕೂತಿದ್ದಳು. ಸೀರೆಯ ವಿಚಾರ ಬಂದಾಗ ನನ್ನ ಕಡೆ ತಿರುಗಿದಳು.

‘ಆ ಸೀರೇನ ಅವ್ಳಿಗೆ ವಾಪಸ್ ಕೊಡ್ತಾರಾ?’

ಅದು ಕೋರ್ಟಿನ ವಶದಲ್ಲಿರುತ್ತದೆ, ಮೇಲ್ಮನವಿ ಎಲ್ಲ ಮುಗಿಯುವವರೆಗೂ ಕೊಡುವುದಿಲ್ಲ ಎಂದೆ.

‘ಅದ್ನ ತಗೊಂಡು ಏನ್ಮಾಡ್ತಾಳೆ ಬುಡು, ಸುಟ್ಟಾಕ್ಬೇಕು ಅಂಥದ್ನ’ ಅಂದಳು ಅವ್ವ.

‘ಸುಟ್ಟಾಕದಾರೂ ಅವ್ಳೇ ಸುಟ್ಟಾಕ್ಲಿ ಕಣಕ್ಕ. ಸೀರೆ ಅವ್ಳದಲ್ವಾ?’ ಅಂದಳು ಅಕ್ಕ.

ಅವ್ವ ಏನೂ ಹೇಳಲಿಲ್ಲ. ಟೀವಿಯ ಸದ್ದು ಕಡಿಮೆ ಮಾಡಿ, ಒಲೆಯ ಮೇಲಿದ್ದ ಕಾಫಿ ಬಗ್ಗಿಸಿ ಅವಳಿಗೊಂದು ಲೋಟ ತಂದುಕೊಟ್ಟಳು.